ಕಾದದ್ದನ್ನು ಕಳೆದು

ಅವರ ಕನ್ನಡಕದ ಬಲಗಡೆಯ ಕಡ್ಡಿ ಮುರಿದಿತ್ತು. ನೆಟ್‌ವರ್ಕ್ ಕೇಬಲ್ ಸೀಳಿ ತೆಗೆದ ಕಿತ್ತಳೆ ಬಣ್ಣದ ತಂತಿಯಿಂದ ಅದನ್ನು ಬಿಗಿದುಕೊಂಡಿದ್ದರು. ಕಳಕ್ಕೂಟಂನ ನಮ್ಮ ಲ್ಯಾಬಿಗೆ ಅವರೇ ಹಿರಿಯರು, ಧಾರವಾಡದವರು, ನನಗೆ ಅಳೆಯುವುದನ್ನು ಕಲಿಸಿದವರು.

ನೆಟ್‌ವರ್ಕಿನಲ್ಲಿ ಹರಿಯುವ ಮಾಹಿತಿಯ ಒಂದು ತುಣುಕನ್ನು, ಅಂದರೆ ಒಂದು ಪ್ಯಾಕೆಟ್ಟನ್ನು, ದಾಟಿಸಲು ನಮ್ಮ ಸಾಫ್ಟ್‌ವೇರ್ ಪ್ರೊಸೆಸರಿನ ಎಷ್ಟು ಸೈಕಲ್, ಎಂದರೆ ಎಷ್ಟು ಮಿಡಿತ, ತಿನ್ನುತ್ತದೆ, ಇದೇ ನಮ್ಮ ಅಳತೆ. ಸಂಖ್ಯೆ ಸಣ್ಣದಿದ್ದಷ್ಟೂ ಲೇಸು. ಇದರಿಂದ ಲೋಕಕಲ್ಯಾಣ ಏನಾಯಿತೆಂದು ಕೇಳಬಾರದು. ಪ್ರೊಸೆಸರಿನ ವೇಗ ಏರಿಳಿಯದಂತೆ ಕಟ್ಟಿಹಾಕದೆ ಟೆಸ್ಟ್ ಶುರುಮಾಡಿದವನನ್ನು ಅವರು, ಕಾಲು ತೊಳೆಯದೆ ಗರ್ಭಗುಡಿಗೆ ನುಗ್ಗಿದವನನ್ನು ನೋಡುವಂತೆ ನೋಡುತ್ತಿದ್ದರು. ಮಲಯಾಳಿ ಸಹೋದ್ಯೋಗಿಗಳು ಹಿಂದಿನಿಂದ ಅವರನ್ನು, ದೇವಸ್ಥಾನದ ಮುಖ್ಯ ಅರ್ಚಕರನ್ನು ಕರೆಯುವಂತೆ, 'ತಂತ್ರಿ' ಎನ್ನುತ್ತಿದ್ದರು.

ನಮ್ಮ ಸಾಫ್ಟ್‌ವೇರಿಗೆ ಒಂದು ಚಾಳಿ. ಪ್ಯಾಕೆಟ್ ಬರಲಿ ಬಿಡಲಿ, 'ಬಂತಾ, ಬಂತಾ' ಎಂದು ಬಾಗಿಲಲ್ಲೇ ನಿಂತು ಕೇಳುತ್ತಿರುವುದು. ಆ ಬರೀ ಕಾಯುವಿಕೆಗೂ ಸೈಕಲ್ ಖರ್ಚಾಗುತ್ತದೆ.

"ಕಾಯೋದು ಬ್ಯಾರೆ, ದುಡಿಯೋದು ಬ್ಯಾರೆ ತಮ್ಮಾ. ಕಾದದ್ದನ್ನ ಕಳದು ಆಮ್ಯಾಲ ಭಾಗಿಸು." ಇದು ಅವರ ಮೂಲಮಂತ್ರ. ಒಟ್ಟು ಸೈಕಲ್‌ಗಳಲ್ಲಿ ಕಾದದ್ದನ್ನು ಕಳೆದು, ಉಳಿದದ್ದನ್ನು ದಾಟಿದ ಪ್ಯಾಕೆಟ್ಟುಗಳ ಸಂಖ್ಯೆಯಿಂದ ಭಾಗಿಸಬೇಕು.

ನಮ್ಮ ಕಂಪನಿಯ ಎರ್ನಾಕುಲಂ ಆಫೀಸಿನವರು ಕಳೆಯದೆ ಭಾಗಿಸಿದರು. ಸಂಖ್ಯೆ ಆನೆಯಷ್ಟಾಯಿತು. ನಮ್ಮ ತಂಡವನ್ನೇ ಮುಚ್ಚುವ ಮಾತು ಬಂತು. ನಾವಿಬ್ಬರೂ ಬೆಳಗಿನ ರೈಲು ಹಿಡಿದು ಹೋದೆವು. ನಮ್ಮ ಹಿರಿಯರು ಬೋರ್ಡಿನ ಮೇಲೆ ಕಳೆದು ತೋರಿಸಿದರು. ಆನೆ ಎಮ್ಮೆಯಾಯಿತು. ಆದರೆ ಪೈಪೋಟಿಯ ಕಂಪನಿಯದು ಆಡು. ಅಲ್ಲಿನ ಮ್ಯಾನೇಜರ್ ಕೆಟ್ಟವರೇನಲ್ಲ. ಬಾಗಿಲು ಮುಂದೆ ಮಾಡಿ, ಕಾಯುವ ಬಾಬ್ತಿನಲ್ಲಿ ಇನ್ನೊಂದಿಷ್ಟು ಕಳೆದುಬಿಡಿ ಸಾರ್, ಮೇಲಿನವರು ಯಾರು ನೋಡುತ್ತಾರೆ, ಎಂದರು.

ಇವರು ಕನ್ನಡಕ ತೆಗೆದು ಒರೆಸಿದರು. ನನ್ನ ಕಡೆ ತಿರುಗಿ, "ಅದು ಅಳತಿ ಅಲ್ಲಪಾ, ನಮ್ಮ ಆಸೆ ಅಷ್ಟ," ಎಂದರು. ಮ್ಯಾನೇಜರಿಗೆ ಬರೀ 'ನೋ' ಅಂದರು.

ತಿಂಗಳೊಳಗೆ ತಂಡ ಮುಚ್ಚಿತು. ನನ್ನನ್ನು ಎರ್ನಾಕುಲಂ ಆಫೀಸಿಗೇ ವರ್ಗ ಮಾಡಿದರು. ಅವರ ವಯಸ್ಸಿಗೆ ಎಲ್ಲಿಯೂ ಕುರ್ಚಿ ಇರಲಿಲ್ಲ. ಎರ್ನಾಕುಲಂನ ಕಲೂರಿನಲ್ಲಿದ್ದ ನನ್ನ ರೂಮಿನಿಂದ ನಾನು ಫೋನ್ ಮಾಡಿದಾಗಲೆಲ್ಲ ಮೊದಲ ರಿಂಗಿಗೇ ಎತ್ತಿ, "ಓ, ನೀ ಏನು," ಎನ್ನುತ್ತಿದ್ದರು. ಯಾವುದಾದರೂ ಕಂಪನಿ ಕರೆದೀತೆಂದು ಕಾಯುತ್ತಿದ್ದಾರೆ ಎಂಬುದು ನನಗೆ ತಿಳಿದದ್ದೇ ಹಾಗೆ. ಒಮ್ಮೆ ಅವರೇ ನಕ್ಕು, "ಆ ಸಾಫ್ಟ್‌ವೇರಿನ ಚಾಳಿ ನನಗೂ ಹತ್ತೇತಿ ನೋಡು," ಎಂದರು.

ಕರೆ ಬರಲಿಲ್ಲ. ವರ್ಷ ತುಂಬುವ ಹೊತ್ತಿಗೆ, ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಸುದ್ದಿಯನ್ನು, ಅಲ್ಲೇ ಬೆಳೆದ ಅವರ ಮಗ ಮಲಯಾಳದಲ್ಲಿ ಹೇಳಿದ. ಫೋನು ಅವರ ಕೈಯಲ್ಲೇ ಇತ್ತಂತೆ.

ನಾನು ಈಗಲೂ ವೇಗ ಕಟ್ಟಿಹಾಕಿಯೇ ಟೆಸ್ಟ್ ಶುರುಮಾಡುತ್ತೇನೆ, ಕಾದದ್ದನ್ನು ಕಳೆದೇ ಭಾಗಿಸುತ್ತೇನೆ. ಬಂದ ಸಂಖ್ಯೆಯನ್ನು ಇಲ್ಲಿ ಯಾರೂ ಓದುವುದಿಲ್ಲ. ಅವರ ನೇಮದಂತೆ, ಬರೀ ಕಾಯುವುದರಲ್ಲೇ ಹೋದ ಅವರ ಕೊನೆಯ ವರ್ಷವನ್ನೂ ಅವರ ಬದುಕಿನ ಲೆಕ್ಕದಿಂದ ಕಳೆಯಬೇಕು. ಅದೊಂದು ನನ್ನ ಕೈಯಲ್ಲಿ ಆಗಿಲ್ಲ.