ಸೊಸೆಯಾದ ದೋಣಿ

ದೋಣಿಗೂ ವಿಮೆ ಇದೆ ಎಂದರೆ ಬೀದರದಲ್ಲಿ ಜನ ನಗುತ್ತಾರೆ. ನಗಲಿ. ವಿಮಾ ಸರ್ವೇಯರ್ ಆದ ನಾನು ಭಾಲ್ಕಿ ಕಡೆಯ ಕಾರಂಜಾ ಜಲಾಶಯದ ಹಿನ್ನೀರಿಗೆ ಎರಡು ಸಲ ಹೋಗಿದ್ದೇನೆ, ಎರಡೂ ಸಲ ಸುಗಂಧಾಬಾಯಿಯ ಮೀನು ಹಿಡಿಯುವ ಮರದ ದೋಣಿ ನೋಡಲು.

ಮೊದಲ ಸಲ ಹೋಗಿದ್ದು ಪಾಲಿಸಿ ಮಾಡುವಾಗ. ದೋಣಿಗೆ ಬೆಲೆ ಹೆಚ್ಚು ಕಟ್ಟಿದಷ್ಟೂ ಕಂಪನಿಗೆ ಬರುವ ಕಂತು ಹೆಚ್ಚು. ಹಾಗಾಗಿ ನಾನು ಹಲಗೆ ತಟ್ಟಿ, “ಹೊಸಾದ್ರಂಗ ಅದರಿ ಅಕ್ಕಾರ, ಕಲ್ಲಿದ್ದಂಗ ಅದ” ಎಂದಿದ್ದೆ. ಆಕೆ ಕಪ್ಪಿನ ತುಂಬ ಚಹಾ ಕೊಟ್ಟಿದ್ದಳು.

ಕೆಲವೇ ತಿಂಗಳಲ್ಲಿ ನೀರು ಇಳಿದು, ದೋಣಿ ಬಂಡೆಗೆ ಬಡಿದು ತಳ ಸೀಳಿಹೋಯಿತು. ಅದು ರಿಪೇರಿಯಾಗದೆ ಬಲೆ ಬೀಸುವಂತಿಲ್ಲ. ಅಪಘಾತಕ್ಕೆ ಪರಿಹಾರ ಸಿಗುತ್ತದೆ, ಸವೆತಕ್ಕೆ ಸಿಗುವುದಿಲ್ಲ. ಹೀಗಾಗಿ ಈ ಸಲ ಕಂಪನಿಯ ದುಡ್ಡು ಉಳಿಸಲು ನಾನು ಸವೆತ ಹುಡುಕತೊಡಗಿದೆ.

“ಹಲಗಿ ಹಳೀವ್ ಅವರಿ. ಇಲ್ಲಿ ತ್ಯಾಪಿ ಹಚ್ಚೀರಿ. ಪರಿಹಾರದಾಗ ಅರ್ಧಾ ಕಟ್ ಆಗ್ತದರಿ.”

ಸುಗಂಧಾಬಾಯಿ ಸೆರಗು ಸಿಕ್ಕಿಸಿಕೊಂಡಳು. “ಸಾಹೇಬ್ರ, ಅವತ್ತ ಕನ್ಯಾ ನೋಡ್ಲಾಕ ಬಂದವರಂಗ ಹೊಗಳಿದ್ರಿ. ಇವತ್ತ ಅತ್ತಿ ಸೊಸಿನ್ನ ನೋಡ್ದಂಗ ನೋಡ್ಲತ್ತೀರಿ. ದೋಣಿ ಅದೇ ಅದರಿ.”

ಕಡಿತ ಬರೆಯಲು ಪೆನ್ನು ತೆಗೆದರೆ, ಫೈಲಿನಲ್ಲಿ ನನ್ನದೇ ಹೊಗಳಿಕೆ, ಕೆಳಗೆ ನನ್ನದೇ ಸಹಿ. ‘ಸವೆತ ಇಲ್ಲ’ ಎಂದು ಬರೆದೆ. ಧರ್ಮಬುದ್ಧಿಯಿಂದಲ್ಲ, ನನ್ನ ಎರಡು ವರದಿಗಳು ತಮ್ಮತಮ್ಮಲ್ಲೇ ಜಗಳಾಡಬಾರದೆಂದು. ಇದನ್ನು ಆಕೆಗೆ ಹೇಳುವಂತಿರಲಿಲ್ಲ, ವರದಿ ಗುಟ್ಟಿನದು.

ಅಷ್ಟರಲ್ಲಿ ಚಹಾ ಬಂತು. ಅರ್ಧ ಕಪ್ಪು.

“ಕಪ್ ಹಳೀದದರಿ ಸಾಹೇಬ್ರ,” ಎಂದಳು ಸುಗಂಧಾಬಾಯಿ, “ಅರ್ಧಾ ಕಟ್ ಆಗ್ಯಾದ.”