ಚುಕ್ಕಿ ಎರಡು ಸಲ ಆರಿದ ಸಂಜೆ

ನಮ್ಮಕ್ಕ ರಾಣೆಬೆನ್ನೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಈಗ ಬ್ಯಾಡಗಿಯಲ್ಲಿ ನನ್ನ ಜೊತೆಗೇ ಇದ್ದಾಳೆ. ಕೆಲವು ತಿಂಗಳಿಂದ ಅವಳು ಚಹಾ ಸೋಸಿದರೆ ಅರ್ಧ ಕಪ್ಪಿಗೆ, ಅರ್ಧ ಕಟ್ಟೆಗೆ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದರೆ, "ನನ್ನ ಕಣ್ಣಿಗೆ ಏನ ಧಾಡಿ ಆಗೇತಿ? ನಿನ್ನ ಕಪ್ಪ ಸಣ್ಣು" ಎಂದು ನನ್ನ ಮೇಲೇ ಹರಿಹಾಯುತ್ತಿದ್ದಳು.

ಅವಳ ಈಗಿನ ಹುಚ್ಚು ಕ್ಷುದ್ರಗ್ರಹಗಳದ್ದು, ಅದರಲ್ಲೂ ಪುಟ್ಟ ಚಂದ್ರರನ್ನು ಸಾಕಿಕೊಂಡ ಕ್ಷುದ್ರಗ್ರಹಗಳದ್ದು. ಊರಗಲದ ಬಂಡೆಗೂ ಒಂದು ಚಂದ್ರನೇ ಎಂದು ನಾನು ನಕ್ಕಾಗ, ರೊಟ್ಟಿ ಬಡಿಯುತ್ತಿದ್ದ ನನ್ನ ಕೈಯನ್ನೇ ತೋರಿಸಿದಳು. ಹಿಟ್ಟಿಗೆ ನೀರು ಕಡಿಮೆಯಾಗಿತ್ತು. ತಿರುಗಿಸಿ ಬಡಿದಂತೆಲ್ಲ ಅಂಚು ಒಡೆದು ಚೂರು ಉದುರುತ್ತಿತ್ತು.

"ಅವೂ ಹಿಂಗನ. ಭಾಳಷ್ಟು ಗಟ್ಟಿ ಬಂಡೆ ಅಲ್ಲ, ಕಲ್ಲಿನ ಗುಂಪಿ. ಬಿಸಿಲು ಬಿದ್ದು ಬಿದ್ದು ಲಕ್ಷಾಂತರ ವರ್ಷದಾಗ ತಿರುಗೂದು ಜೋರಾಗತೈತಿ. ನಡದ ಅಂಚಿನ ಕಲ್ಲು ಹಾರಿ, ಕೂಡಿ, ಚಂದ್ರ ಆಗತೈತಿ."

"ಎಲ್ಲಾನೂ ಹಂಗನ?"

"ಇಲ್ಲ. ದೊಡ್ಡೂವಕ್ಕ ಡಿಕ್ಕಿ ಹೊಡದಾಗ ಹುಟ್ಟಿದ್ದೂ ಅದಾವ."

ಆ ಚಂದ್ರ ಎಷ್ಟು ದೂರದಲ್ಲಿದೆ, ಒಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗೊತ್ತಾದರೆ ತಾಯಿಬಂಡೆಯ ತೂಕ ಸಿಗುತ್ತದಂತೆ. ಗಾತ್ರವೂ ಸಿಕ್ಕರೆ ಅದರ ಒಳಗೆ ಗಟ್ಟಿಯೋ ಟೊಳ್ಳೋ ತಿಳಿಯುತ್ತದಂತೆ. ತಕ್ಕಡಿಯಿಲ್ಲದೆ ತೂಗುವ ಈ ಉಪಾಯದ ರುಚಿ ನನಗೂ ಹತ್ತಿತು.

ಖಗೋಳ ವಿಜ್ಞಾನಿಗಳ ಲೆಕ್ಕದಂತೆ, ಫೆಬ್ರವರಿಯ ಒಂದು ಸಂಜೆ ಗೊತ್ತಾದ ಹೊತ್ತಿಗೆ ಕ್ಷುದ್ರಗ್ರಹವೊಂದು ಒಂದು ಚುಕ್ಕಿಯ ಮುಂದೆ ಹಾಯುವುದಿತ್ತು. ಕಾಗಿನೆಲೆ, ಬ್ಯಾಡಗಿ ಕಡೆಯಿಂದ ನೋಡಿದವರಿಗೆ ಆ ಚುಕ್ಕಿ ಕೆಲವು ಸೆಕೆಂಡು ಆರಬೇಕು. ಇನ್ನೊಮ್ಮೆ ಚೂರು ಆರಿದರೆ, ಬಂಡೆಗೆ ಚಂದ್ರನಿರಬಹುದು. ಇದೆಯೋ ಇಲ್ಲವೋ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ನೋಡಿದವರು ಕಂಡದ್ದನ್ನು ಬರೆದು ಆ ವಿಜ್ಞಾನಿಗಳಿಗೆ ಕಳಿಸಬೇಕಿತ್ತು. ಅಕ್ಕ ಮಧ್ಯಾಹ್ನದಿಂದಲೇ ಕೂತಲ್ಲಿ ಕೂರಲಿಲ್ಲ.

ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿದ್ದೆವು. ಇಬ್ಬನಿ ಬೀಳುವ ಮೊದಲು ಒಟ್ಟುಮಾಡಿ ತಾಡಪಾಲು ಮುಚ್ಚುವುದು ನಮ್ಮಲ್ಲಿ ದಿನದ ಕೆಲಸ. ಅದನ್ನು ಮುಗಿಸಿ, ಅದೇ ಕೈಯಿಂದ ಅಕ್ಕನ ದುರ್ಬೀನು ಸರಿಮಾಡಿ ಅವಳನ್ನು ಅದರ ಮುಂದೆ ಕೂಡಿಸಿದೆ. ನಾನು ಬೈನಾಕ್ಯುಲರ್ ಹಿಡಿದು, ಒಮ್ಮೆ ಕಣ್ಣುಜ್ಜಿಕೊಂಡೆ. ಯವ್ವಾ! ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರ ಕಣ್ಣಿಗೆ ಒಮ್ಮೆ ಹಚ್ಚಬೇಕು.

ನಾನು ಕಣ್ಣೀರು ಸುರಿಸುತ್ತ ಕುಣಿಯುತ್ತಿದ್ದಾಗಲೇ ಅಕ್ಕ ಕೂಗಿದಳು. "ಹೋತು!" ತುಸು ಹೊತ್ತಿಗೆ, "ಬಂತು!" ಮತ್ತೆ, "ಹೋತು... ಬಂತು! ಎರಡು ಸಲ ಆರಿತು! ಚಂದ್ರ ಐತಿ, ಖರೇನ ಐತಿ!"

ಇಬ್ಬರೂ ಅಪ್ಪಿಕೊಂಡು ನಕ್ಕೆವು. ಆಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನ್ನ ಕಣ್ಣೂ ಉರ್ಯಾಕತ್ತೈತಿ. ದುರ್ಬೀನಿಗೆ ನಿನ್ನ ಖಾರದ ಕೈ ಹತ್ತೇತಿ. ಚಂದ್ರ ಇರಬೇಕು, ಖಾರ ಇರಬೇಕು, ಇಲ್ಲಾ..."

ಮೂರನೆಯದು ಏನೆಂದು ಇಬ್ಬರಿಗೂ ಗೊತ್ತಿತ್ತು.

"ಎರಡು ಸಲ ಅಂತ ಬರದು ಕಳಸು, ಅಕ್ಕಾ," ಎಂದೆ.

"ಹುಚ್ಚಿ, ಹಂಗ ಕಳಸಾಕ ಬರೂದಿಲ್ಲ. ನಾಳೆ ಕೈ ತೊಳಕೊಂಡು ಅದ ಚುಕ್ಕಿ ನೋಡೂಣು. ನಾಳೆ ಅದರ ಮುಂದ ಹಾಯೂದು ಏನೂ ಇಲ್ಲ. ಆಗೂ ಆರಿತಂದ್ರ, ತಪ್ಪು ನನ್ನ ಕಣ್ಣಿಂದು."

"ಆರೂದಿಲ್ಲ ಬಿಡು," ಎಂದು ಜೋರಾಗಿಯೇ ಹೇಳಿದೆ.

ಮರುದಿನ ಸಾಬೂನು ಹಚ್ಚಿ ಕೈ ತಿಕ್ಕಿದೆ, ದುರ್ಬೀನಿನ ಗಾಜು ಒರೆಸಿದೆ. ಅದೇ ಹೊತ್ತಿಗೆ ಅಕ್ಕ ದುರ್ಬೀನಿಗೆ ಕಣ್ಣಿಟ್ಟಳು, ನಾನು ಬೈನಾಕ್ಯುಲರಿಗೆ. ಬೀದಿಯಲ್ಲಿ ಆಟೋ ಒಂದು ಹಾರ್ನ್ ಹೊಡೆಯುತ್ತಲೇ ಇತ್ತು. ಅದರ ಮೇಲೆ ಸಿಟ್ಟು ಬಂತು. ದೇವರೇ, ಇವಳು ಬಾಯಿ ತೆರೆಯದಿರಲಿ ಎಂದು ಬೇಡಿಕೊಂಡೆ.

"ಹೋತು," ಎಂದಳು ಅಕ್ಕ, ಮೆಲ್ಲಗೆ.

ನನ್ನ ಕಣ್ಣಿಗೆ ಚುಕ್ಕಿ ಅಲ್ಲೇ ಇತ್ತು. "ಬಂತು" ಎನ್ನಲು ಅವಳಿಗೆ ನಿನ್ನೆಗಿಂತ ಹೆಚ್ಚು ಹೊತ್ತು ಹಿಡಿಯಿತು.

"ನಿನಗ ಕಾಣ್ತಿತ್ತೇನು?"

ಸುಳ್ಳು ನಾಲಿಗೆಯವರೆಗೂ ಬಂದಿತ್ತು. "ಕಾಣ್ತಿತ್ತಕ್ಕಾ," ಎಂದೆ.

ಅವಳು ದುರ್ಬೀನಿಗೆ ಮುಚ್ಚಳ ಹಾಕಿದಳು. "ನಿನ್ನೆ ಮೊದಲನೇದು ಅವರ ಲೆಕ್ಕದ ಹೊತ್ತಿಗೇ ಆರೇತಿ, ಅದು ಖರೇ. ಒಂದ ಸಲ ಅಂತ ಬರಿ. ಮುಂಜಾನಿ ಹುಬ್ಬಳ್ಳಿ ಬಸ್ಸು ಎಷ್ಟಕ್ಕ ಐತಿ ನೋಡು, ಡಾಕ್ಟರಿಗೆ ತೋರ್ಸೂಣು."

ಮಾಳಿಗೆಯ ಮೆಟ್ಟಿಲು ಇಳಿಯುವಾಗ, ನಾನು ಕೇಳದೆಯೇ, ಅಕ್ಕ ನನ್ನ ಕೈ ಹಿಡಿದುಕೊಂಡಳು.