ವಾರ್ಷಿಕೋತ್ಸವದ ಸಮ್ಮೋಹಕರು

ಬೆಳಿಗ್ಗೆ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರಿನವರ ಟೆನ್ಷನ್ನನ್ನು ಸಮ್ಮೋಹನ ನಿದ್ರೆಯಿಂದ ಇಳಿಸುವ ಪ್ರೊಫೆಸರ್ ತಿರುಮಲೇಶ್, ಸಂಜೆ ಪೀಣ್ಯದ ಕಾರ್ಖಾನೆಗಳ ವಾರ್ಷಿಕೋತ್ಸವಗಳಲ್ಲಿ ಅದೇ ಕಪ್ಪು ಕೋಟು ತೊಟ್ಟು, "ರೆಪ್ಪೆ ಭಾರ... ಇನ್ನೂ ಭಾರ..." ಎಂದು ರಾಗ ಎಳೆದರೆ ಪೆಂಡಾಲಿನ ಕಂಬವೂ ಆಕಳಿಸಬೇಕು. ಒಬ್ಬ ಕೆಲಸಗಾರನಿಗೆ ಈರುಳ್ಳಿಯನ್ನು ಸೇಬೆಂದು ತಿನ್ನಿಸುತ್ತಾರೆ, ಇನ್ನೊಬ್ಬನಿಂದ ಪೊರಕೆಗೆ ಲಾಲಿ ಹಾಡಿಸುತ್ತಾರೆ. ಈ ವರ್ಷ ಅಂಥ ಒಂದು ಕಾರ್ಖಾನೆಯಲ್ಲಿ, ಪ್ಯಾಕಿಂಗ್ ವಿಭಾಗದ ವೇಣಿಯ ಕಣ್ಣೆದುರೇ, ಇಪ್ಪತ್ತು ವರ್ಷದಿಂದ ಲೇತ್ ಯಂತ್ರ ನಡೆಸುತ್ತಿರುವ ಅವಳ ಗಂಡ ಮುನಿರಾಜುವನ್ನು ಮಲಗಿಸಿ, ಕೋಳಿ ಮಾಡಿ ಕೂಗಿಸಿದರು. ಮುಂದಿನ ಸಾಲಿನ ಸಾಹೇಬರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ವೇಣಿಗೆ ಮೈಯೆಲ್ಲ ಉರಿದುಹೋಯಿತು. ವೇದಿಕೆಯ ಹಿಂದೆ ನೀರು ಕುಡಿಯುತ್ತಿದ್ದ ಪ್ರೊಫೆಸರನ್ನು ಅಡ್ಡಗಟ್ಟಿ ಕೇಳಿದಳು: "ಒಬ್ಬ ಮ್ಯಾನೇಜರನ್ನಾದ್ರೂ ಯಾವತ್ತಾದ್ರೂ ಕೋಳಿ ಮಾಡಿದ್ದೀರಾ ಸಾರ್?" ಅವರು ಅವಳ ಮುಖ ನೋಡಲಾರದೆ ಮೆಲ್ಲಗೆ ಹೇಳಿದರು: "ಅವರು ಮಲಗಲ್ಲಮ್ಮ. ಹೇಳಿದಂಗೆ ಕೇಳಿ ಕೇಳಿ ಅಭ್ಯಾಸ ಆಗಿರೋರೇ ಬೇಗ ಮಲಗೋದು."